ಚೌಡಾಪುರದ ಸ್ಟಾಪಿನಲ್ಲಿ ನಿಂತ ಬಸ್ಸು

ಗುರುಶಾಂತನಿಗೆ ಬಸ್ಸು ಹೊಡೆಯುವುದು ಬಿಟ್ಟರೆ ಬೇರೆ ಏನೂ ಬರುತ್ತಿರಲಿಲ್ಲ. ಇದನ್ನು ಯಾರೋ ಆಡಿಕೊಂಡದ್ದಲ್ಲ, ಅವನೇ ಹೇಳಿಕೊಳ್ಳುತ್ತಿದ್ದ, ಅದೂ ಜಂಬದಿಂದ. ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ ಅವನ ಅಪ್ಪ, ಅಣ್ಣ ಎಲ್ಲರೂ ತೊಗರಿ ಬಿತ್ತಿ ರಾಶಿ ಮಾಡುವ ಮಂದಿ. ಇವನೊಬ್ಬ ಮಾತ್ರ ಹೊಲಕ್ಕೆ ಹೋದರೆ ಬದುವಿನ ಮೇಲೆ ನಿಂತು ರಸ್ತೆ ನೋಡುತ್ತಿದ್ದ. "ಇವಗ ಮಣ್ಣು ಹಿಡಸಂಗಿಲ್ಲ, ಡಾಂಬರೇ ಹಿಡಸ್ತದ" ಎಂದು ಅಪ್ಪ ಬೈದೂ ಬೈದೂ ಸಾಕಾಗಿ ಕಡೆಗೆ ತಾನೇ ಲೈಸೆನ್ಸು ಮಾಡಿಸಿ ಕೊಟ್ಟ. ಮೊದಲು ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರು, ಆಮೇಲೆ ಯಾರದೋ ಟೆಂಪೊ, ಆಮೇಲೆ ಸರಕಾರಿ ಬಸ್ಸು. ಕಲಬುರಗಿಯಿಂದ ಚೌಡಾಪುರದ ಮೇಲೆ ಅಫಜಲಪುರ, ಅಫಜಲಪುರದಿಂದ ತಿರುಗಿ ಕಲಬುರಗಿ. ಅವನ ತಲೆಗೂದಲು ಬೆಳ್ಳಗಾದದ್ದು ಈ ಒಂದೇ ರಸ್ತೆಯ ಮೇಲೆ.

ಆ ಚಾಕರಿ ಸುಮ್ಮನೆ ಮಾತಲ್ಲ. ನಮ್ಮ ಕಡೆಯ ಬಿಸಿಲಿಗೆ ಸೀಟಿನ ರೆಕ್ಸಿನ್ ಬೆನ್ನಿಗೆ ಅಂಟುತ್ತದೆ, ಇಂಜಿನ್ನಿನ ಕಾವಿಗೆ ಎಡಗಾಲು ಬೇಯುತ್ತದೆ. ಹೆಂಗಸರಿಗೆ ಟಿಕೆಟು ಪುಕ್ಕಟೆ ಆದ ಮೇಲಂತೂ ಬಾಗಿಲ ಮೆಟ್ಟಿಲ ತನಕ ಜನವೋ ಜನ. ಮುಂದೆ ಕಬ್ಬಿನ ಗಾಡಿ, ಹಿಂದೆ ಹಾರ್ನು, ಪಕ್ಕದಲ್ಲಿ ಬಾನೆಟ್ಟಿನ ಮೇಲೆ ಕೂತವರ ಹರಟೆ. ಗುರುಶಾಂತ ಯಾರಿಗೂ ಒದರಾಡಿದವನಲ್ಲ. ಬೆಳಿಗ್ಗೆ ಸ್ನಾನ, ಲಿಂಗಪೂಜೆ, ಹಣೆಗೆ ವಿಭೂತಿ. ಸೀಟಿಗೆ ಏರಿದೊಡನೆ ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುವುದು. ಇನ್ನೊಂದು ಹಟ ಅವನಿಗೆ: ಕಂಡಕ್ಟರು ಬಾಯಿಬಿಟ್ಟು "ರೈಟ್" ಅನ್ನದ ಹೊರತು ಬಸ್ಸು ಒಂದು ಗೇಣು ಅಲುಗುವಂತಿಲ್ಲ. ಗಂಟೆ ಹೊಡೆಯಿರಿ, ಸೀಟಿ ಊದಿರಿ, ಊಹೂಂ. "ಸೀಟಿ ಯಾರ ಬೇಕಾದ್ರೂ ಊದತಾರ. ಬಾಯಿಲೆ ಅಂದ್ರ ಜವಾಬ್ದಾರಿ ಇರ್ತದ" ಎನ್ನುತ್ತಿದ್ದ.

ಅವನ ಕಂಡಕ್ಟರು ಜೇವರ್ಗಿ ಕಡೆಯ ಬಂದೇನವಾಜ. ವಯಸ್ಸಿನಲ್ಲಿ ಚಿಕ್ಕವನು, ಬಾಯಿ ದೊಡ್ಡದು. ಅವನ "ರೈಟ್" ಅಂದರೆ ಬರೀ ರೈಟ್ ಅಲ್ಲ, "ರೈಽಽಽಟ್ ಹೋಗಲಿ ನಮ್ಮ ವಿಮಾನಾ" ಎಂದು ಇಡೀ ಬಸ್ಸಿಗೆ ಕೇಳಿಸುವ ರಾಗ. ಇಬ್ಬರ ಜೋಡಿ ಅಷ್ಟು ಕೂಡಿಬಂದಿತ್ತು.

ಹೋದ ವರ್ಷ ಚೌಡಾಪುರದ ಸ್ಟಾಪಿನಲ್ಲಿ ಆ ಜೋಡಿ ಮುರಿಯಿತು. ಆದದ್ದು ಇಷ್ಟೆ. ಸುಭದ್ರಾಬಾಯಿ ಎಂಬ ಮುದುಕಿ ಸಂತೆಯಿಂದ ಬಂದು ಇಳಿದಳು. ಎಲ್ಲರೂ ಇಳಿದಾಯಿತು, ಬಾಗಿಲು ಹಾಕಿದ್ದಾಯಿತು, ಬಂದೇನವಾಜ "ರೈಟ್" ಅಂದ. ಮುದುಕಿ ರಸ್ತೆ ದಾಟಲು ಬಸ್ಸಿನ ಮುಂದಿನಿಂದ ಹೊರಟಿದ್ದಳು. ಅಷ್ಟರಲ್ಲಿ ಅವಳ ಚೀಲ ಹರಿದು ಉಳ್ಳಾಗಡ್ಡಿ ಉರುಳಿದವು. ಆರಿಸಿಕೊಳ್ಳಲು ಬಗ್ಗಿದಳು. ಬಗ್ಗಿದವಳು ಬಂಪರಿನ ಕೆಳಗೆ, ಡ್ರೈವರನ ಕಣ್ಣಿಗೆ ಬೀಳುವಂತೆಯೇ ಇಲ್ಲ. ಬಸ್ಸು ಮುಂದೆ ಸರಿದದ್ದು ಒಂದು ಮೊಳವೋ ಎರಡು ಮೊಳವೋ. ಎದುರಿಗೆ ಚಹಾ ಅಂಗಡಿಯ ಕುಲಸುಮಬಿ ಚೀರಿದಳು. ಗುರುಶಾಂತ ಬ್ರೇಕಿನ ಮೇಲೆ ನಿಂತುಬಿಟ್ಟ.

ಮುದುಕಿ ಉಳಿದಳು, ಸೊಂಟದ ಎಲುಬು ಮುರಿಯಿತು. ರಾಡು ಹಾಕಿದರು. ವಿಚಾರಣೆಯಲ್ಲಿ ಯಾರ ತಪ್ಪೂ ಇಲ್ಲ ಅಂತ ಆಯಿತು, ಮುದುಕಿಯೇ ಹಾಗೆ ಹೇಳಿದಳು. ಕಾಗದದ ಮೇಲೆ ಎಲ್ಲ ಸರಿಹೋಯಿತು. ಗುರುಶಾಂತನ ಕೈ ಮಾತ್ರ ಸರಿಹೋಗಲಿಲ್ಲ. ಸ್ಟೀರಿಂಗ್ ಮುಟ್ಟಿದರೆ ಸಾಕು, ಬೆರಳು ನಡುಗಿ ಮೈ ಬೆವತು ಕಣ್ಣೆದುರು ಉಳ್ಳಾಗಡ್ಡಿ ಉರುಳತೊಡಗುತ್ತಿದ್ದವು. ಡಿಪೋದವರು ಕನಿಕರದಿಂದ ಅವನನ್ನು ಶೆಡ್ಡಿಗೆ ಹಾಕಿದರು. ಬಸ್ಸು ತೊಳೆಯುವುದು, ಟೈರಿಗೆ ಗಾಳಿ ನೋಡುವುದು, ಸಂಜೆ ಮನೆಗೆ ಹೋಗುವುದು. ಕೆಲಸ ಹಗುರವಾಗಿತ್ತು, ಮನುಷ್ಯ ಮಾತ್ರ ದಿನದಿನಕ್ಕೆ ದಣಿದುಹೋದ. ದುಡಿದು ದಣಿದರೆ ನಿದ್ದೆ ಬರುತ್ತದೆ. ಇದು ನಿದ್ದೆ ಬಾರದ ದಣಿವು. ಸುಭದ್ರಾಬಾಯಿಯ ಮನೆಗೆ ಹೋಗಿ ಬರಬೇಕೆಂದು ಎಷ್ಟೋ ಸಲ ಅಂಗಿ ಹಾಕಿಕೊಂಡ, ಅಷ್ಟೇ ಸಲ ಬಿಚ್ಚಿಟ್ಟ. ಬಂದೇನವಾಜ ಹಣ್ಣು ಹಿಡಿದುಕೊಂಡು ಹೋಗಿ ಬರುತ್ತಿದ್ದ. "ಅರಾಮ್ ಅದಾಳ ಆಯಿ, ನೀ ಒಮ್ಮಿ ಬಾ" ಎಂದರೆ ಇವನು ಕೇಳದವನಂತೆ ಪೈಪು ಹಿಡಿದು ಚಕ್ರಕ್ಕೆ ನೀರು ಬಿಡುತ್ತಿದ್ದ.

ಹೀಗಿರುವಾಗ ಡಿಪೋ ಮ್ಯಾನೇಜರು ಒಂದು ದಿನ ಕರೆದು ಕೂಡಿಸಿಕೊಂಡರು. "ಗುರುಶಾಂತ, ಹೊಸ ಶೆಡ್ಯೂಲ್ ಬರಾಕತ್ತದ. ಅಷ್ಟರೊಳಗ ಒಂದು ಮಾತು ಹೇಳ್ರಿ. ಸ್ಟೀರಿಂಗ್ ಹಿಡಿತೀರಿ ಅಂದ್ರ ಹಿಡೀರಿ. ಆಗಂಗಿಲ್ಲ ಅಂದ್ರ ಕಾಯಮ್ ಶೆಡ್ಡಿಗೇ ಹಾಕ್ತೇನಿ, ಆ ಮ್ಯಾಲ ತಿರುಗಿ ಕೇಳಬ್ಯಾಡ್ರಿ." ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಗುರುಶಾಂತ ತಿಳಿಯಿತು ಎಂಬಂತೆ ತಲೆ ಅಲ್ಲಾಡಿಸಿ ಹೊರಗೆ ಬಂದ. ಡ್ರೈವರ್ ಅನ್ನುವುದು ಹೋದರೆ ತನ್ನಲ್ಲಿ ಉಳಿಯುವುದೇನು ಎಂದು ಯೋಚಿಸಿದ. ಏನೂ ಹೊಳೆಯಲಿಲ್ಲ.

ಆ ಹೊತ್ತಿನಲ್ಲೇ ಬಂತು ನೋಡಿ ಆ ಆಟ!

ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಿದ್ದಾಗ ಬಂದೇನವಾಜ ಮೊಬೈಲು ಹಿಡಿದು ಓಡಿಬಂದ. "ಗುರುಶಾಂತಣ್ಣಾ, ನಮ್ಮ ಬಸ್ಸು ಗೇಮಿನ್ಯಾಗ ಬಂದದ! ನಮ್ಮ ರಸ್ತಾನೇ ಅದ, ಖುದಾ ಕಸಮ್!" ಆಳಂದದ ಯಾವನೋ ಕಾಲೇಜು ಹುಡುಗ ಮಾಡಿದ್ದಂತೆ. ಬಸ್ಸಿನ ಆಟಕ್ಕೆ ನಮ್ಮ ಕಡೆಯ ರಸ್ತೆ, ನಮ್ಮ ಬೋರ್ಡು, ನಮ್ಮ ಸ್ಟಾಪು ಜೋಡಿಸಿದ್ದ. ಪಾಪ, ಭಕ್ತಿಯಿಂದ ಮಾಡಿದ್ದ. ಅಫಜಲಪುರ ಎಂಬ ಕನ್ನಡದ ಬೋರ್ಡು, ಕಿಟಕಿಯ ಸರಳು, ಬೇವಿನ ಗಿಡ, ಚೌಡಾಪುರದ ಚಹಾ ಅಂಗಡಿಯ ತಗಡು ಕೂಡ ಹಾಗೇ ಇತ್ತು. ಯಾರನ್ನೂ ನಗಿಸಬೇಕೆಂದು ಆ ಹುಡುಗನಿಗೆ ಖಂಡಿತ ಇರಲಿಲ್ಲ.

ಡ್ರೈವರ್ ಬೀರಣ್ಣ ಮೊಬೈಲು ಕಸಿದುಕೊಂಡು ಶುರುಮಾಡಿದ. ಸ್ಟಾಪು ಬಂತು, ಮಂದಿ ಹತ್ತಿದರು. ಹತ್ತಿದವರು ಒಳಗೆ ಕೂಡಬೇಕಲ್ಲವೇ? ಇಲ್ಲ! ಬಸ್ಸಿನ ಹೊರಗೆ, ಬರೀ ಗಾಳಿಯಲ್ಲಿ, ಕಾಲು ಮಡಚಿ ಸಾಲಾಗಿ ಕೂತರು. ಬಸ್ಸು ಹೊರಟರೆ ಅವರೂ ಕೂತಲ್ಲೇ ಕೂತು ಪಕ್ಕದಲ್ಲಿ ತೇಲುತ್ತ ಬಂದರು, ಗಂಭೀರ ಮುಖ ಮಾಡಿಕೊಂಡು. ಮುಂದೆ ಒಂದು ಎಮ್ಮೆ ಹಿಂಬದಿಯಿಂದ ನಡೆಯುತ್ತ ಬಂದು ರಸ್ತೆ ನಡುವೆ ನಿಂತಿತು. ನಿಂತು ಗಂಡಸಿನ ದನಿಯಲ್ಲಿ "ಹೋಲ್ಡಾನ್" ಅಂದಿತು. ಹುಡುಗ ತನ್ನದೇ ದನಿಯಲ್ಲಿ ಹೊರಡಲು "ರೈಟ್", ನಿಲ್ಲಿಸಲು "ಹೋಲ್ಡಾನ್" ಎಂಬ ಎರಡು ಮಾತು ತುಂಬಿದ್ದ; ಅದು ಕಂಡಕ್ಟರನಿಗೆ ಹತ್ತುವ ಬದಲು ಸಿಕ್ಕ ಸಿಕ್ಕ ಜೀವಕ್ಕೆಲ್ಲ ಹತ್ತಿಬಿಟ್ಟಿತ್ತು.

"ಎಮ್ಮಿನ್ನ ಕಂಡಕ್ಟರ್ ಮಾಡ್ಯಾನಲೇ! ಬಂದೇನವಾಜ, ನಿನ್ನ ನೌಕ್ರಿ ಹೋತು!" ಎಂದು ಬೀರಣ್ಣ ಕೂಗಿದ. ಕ್ಯಾಂಟೀನಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಗುರುಶಾಂತನಿಗೂ ತುಟಿಯ ತುದಿಗೆ ನಗು ಬಂದಿತ್ತು.

ಆಗ ಚೌಡಾಪುರ ಬಂತು. ಸ್ಟಾಪಿನ ಎದುರು, ರಸ್ತೆಯ ನಟ್ಟನಡುವೆ, ಹಸಿರು ಸೀರೆಯ ಒಬ್ಬ ಮುದುಕಿ ಬುಟ್ಟಿ ಹಿಡಿದು ನಿಂತಿದ್ದಳು. ಬೀರಣ್ಣ ನಗುವಿನ ಭರದಲ್ಲಿ ಬ್ರೇಕು ಒತ್ತಲಿಲ್ಲ. ಮುದುಕಿ ಆಕಾಶಕ್ಕೆ ಹಾರಿ, ಸುತ್ತು ಹೊಡೆದು, ಚಹಾ ಅಂಗಡಿಯ ತಗಡಿನ ಮೇಲೆ ನೆಟ್ಟಗೆ ನಿಂತು "ಹೋಲ್ಡಾನ್" ಅಂದಳು. ಎಲ್ಲರೂ ಹೋ ಎಂದು ನಕ್ಕರು. ನಕ್ಕವರು ಒಬ್ಬೊಬ್ಬರೇ ಗುರುಶಾಂತನ ಮುಖ ನೋಡಿ ಬಾಯಿ ಮುಚ್ಚಿದರು.

"ಹುಚ್ಚ ಆಟ, ಬಿಡ್ರಿ" ಎಂದು ಬಂದೇನವಾಜ ಮೊಬೈಲು ಕಿಸೆಗೆ ಹಾಕಿಕೊಳ್ಳಲು ಹೋದ. ಗುರುಶಾಂತ ಕೈ ಚಾಚಿದ. "ಕೊಡಿಲ್ಲೆ. ನಾನೂ ನೋಡ್ತೇನಿ."

ತೆಗೆದುಕೊಂಡವನು ಮೊದಲು ಮೊಬೈಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಆಮೇಲೆ ಎರಡೂ ಕೈಯಲ್ಲಿ ಹಿಡಿದು ಸುಮ್ಮನೆ ಕೂತ. ಕೂತೇ ಇದ್ದ.

"ಒತ್ತಣ್ಣಾ, ಇಲ್ಲಿ ಒತ್ತಿದ್ರ ಹೊಂಟತದ" ಎಂದ ಬೀರಣ್ಣ.

"ರೈಟ್ ಅನ್ಲಿ" ಎಂದ ಗುರುಶಾಂತ, ಬಂದೇನವಾಜನ ಕಡೆ ನೋಡುತ್ತ. ಅವನು ತಮಾಷೆಗೆ ಹೇಳಿದ್ದಲ್ಲ. ಕಂಡಕ್ಟರು ಪಕ್ಕದಲ್ಲೇ ನಿಂತಿರುವಾಗ ಅವನ ಬಾಯಿಂದ ಬಾರದೆ ಹೇಗೆ ಹೊರಡುವುದು? ಕ್ಯಾಂಟೀನಿಗೆ ಮತ್ತೆ ನಗು ಉಕ್ಕಿತು. ಬಂದೇನವಾಜ ಮಾತ್ರ ನೆಲ ನೋಡಿ, "ಮೊಬೈಲಿಗೂ ರೈಟ್ ಬೇಕೇನಪಾ, ನೀನೇ ಒತ್ತು" ಎಂದು ಚಹಾದ ಕಪ್ಪು ತೊಳೆಯಲು ಹೋದ. ತನ್ನ ಕಪ್ಪು ತಾನು ಎಂದೂ ತೊಳೆದವನಲ್ಲ ಅವನು. ಕಡೆಗೆ ಬೀರಣ್ಣನೇ "ರೈಟ್ ರೈಟ್, ಹೋಗ್ಲಿ" ಎಂದ ಮೇಲೆ ಗುರುಶಾಂತ ಒತ್ತಿದ.

ಅಂದು ಆಟವನ್ನು ತನ್ನ ಮೊಬೈಲಿಗೂ ಹಾಕಿಸಿಕೊಂಡ. ಮನೆಗೆ ಹೋದವನೇ ಬಾಗಿಲ ಕಟ್ಟೆಯ ಮೇಲೆ ಕೂತು ಹೊಡೆಯತೊಡಗಿದ. ವಿಚಿತ್ರ ಏನೆಂದರೆ ಇದರಲ್ಲಿ ಕೈ ನಡುಗಲಿಲ್ಲ. ಸ್ಟಾಪು ಸ್ಟಾಪಿಗೆ ನಿಂತ. ಗಾಳಿಯಲ್ಲಿ ಕೂತ ಮಂದಿಯನ್ನು ಕಾಳಜಿಯಿಂದ ಕರೆದುಕೊಂಡು ಹೋದ. ಹಿಂಬದಿ ನಡೆಯುವ ಎಮ್ಮೆ ಪೂರ್ತಿ ದಾಟುವ ತನಕ ಕಾದ. ಮತ್ತೆ ಚೌಡಾಪುರ. ಮತ್ತೆ ಹಸಿರು ಸೀರೆಯ ಮುದುಕಿ.

ಗುರುಶಾಂತ ಬಸ್ಸು ನಿಲ್ಲಿಸಿದ. ಮುದುಕಿ ಸರಿಯಲಿಲ್ಲ. ಹಾರ್ನು ಹೊಡೆದ, ಲೈಟು ಹಾಕಿದ, ಹಿಂದಕ್ಕೆ ತೆಗೆದುಕೊಂಡು ಬಂದ, ಆದರೂ ಅವಳು ಅಲ್ಲೇ. ಹುಡುಗ ಅವಳನ್ನು ಬದಿಗೆ ನಿಲ್ಲಿಸುವ ಬದಲು ತಪ್ಪಿ ನಡುರಸ್ತೆಗೆ ನೆಟ್ಟುಬಿಟ್ಟಿದ್ದ. ಎರಡೂ ಬದಿಗೆ ಕಲ್ಲು. ಅವಳನ್ನು ಹಾರಿಸದ ಹೊರತು ಈ ಆಟದಲ್ಲಿ ಯಾರೂ ಅಫಜಲಪುರ ಮುಟ್ಟುವಂತಿಲ್ಲ. ಬೇರೆಯವರೆಲ್ಲ ನಗುತ್ತ ಹಾರಿಸಿ ಮುಂದೆ ಹೋಗುತ್ತಿದ್ದರು. ಇವನು ಕೂತ.

ಹೆಂಡತಿ ಶೈಲಶ್ರೀ ರೊಟ್ಟಿ ಬಡಿದು ಮುಗಿಸಿ ಹೊರಗೆ ಬಂದಳು. "ಏನ್ರಿ ಇದು? ಹಿಟ್ಟು ನಾದಾಗ ನೋಡೀನಿ, ಈಗ ರೊಟ್ಟಿ ಬುಟ್ಟಿ ತುಂಬ್ಯದ. ಇನ್ನೂ ಅಲ್ಲೇ ನಿಂತೀರಿ?"

"ಆಯಿ ಸರಿವಲ್ಲಳು."

"ಆಟದಾಕಿ ಅದಾಳ್ರಿ ಅಕಿ! ಹಾಯ್ಸಿ ಹೋಗ್ರಿ!"

"ನನಗಾಗಂಗಿಲ್ಲ" ಎಂದ ಗುರುಶಾಂತ. ಶೈಲಶ್ರೀ ನಗಲು ಬಾಯಿ ತೆರೆದವಳು ಅವನ ಕಣ್ಣಲ್ಲಿ ನೀರು ಕಂಡು ಹಾಗೇ ನಿಂತಳು. ಮರುದಿನವೂ ಅದೇ. ಅದರ ಮರುದಿನವೂ. ಚಾರ್ಜು ಮುಗಿದು ಮೊಬೈಲು ತಾನಾಗಿ ಆರುವ ತನಕ ಆ ಬಸ್ಸು ಚೌಡಾಪುರದಲ್ಲಿ ನಿಂತಿರುತ್ತಿತ್ತು. ಶೈಲಶ್ರೀಗೆ ರೇಗಿತು, ಹೆದರಿಕೆಯೂ ಆಯಿತು. ಬಂದೇನವಾಜನಿಗೆ ಫೋನು ಹಚ್ಚಿ, "ಭಯ್ಯಾ, ನಾಳಿ ನಿಮ್ಮ ದೋಸ್ತನ್ನ ಚೌಡಾಪುರಕ್ಕ ಕರಕೊಂಡು ಹೋಗಬೇಕು. ನಾನೂ ಬರ್ತೇನಿ. ಒಲ್ಲೆ ಅಂದ್ರ ಎತ್ತಿ ಹಾಕ್ಕೊಂಡು ಹೋಗೂಣು" ಎಂದಳು.

ಎತ್ತುವ ಪ್ರಸಂಗ ಬರಲಿಲ್ಲ. ಎತ್ತಿ ಹಾಕಿದರೂ ಬೇಡ ಅನ್ನುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ. ಆದರೆ ಸುಭದ್ರಾಬಾಯಿಯ ಹೊಸ್ತಿಲ ಹತ್ತಿರ ಬಂದು ನಿಂತುಬಿಟ್ಟ. ಪಡಸಾಲೆಯ ಹೊರಸಿನ ಮೇಲೆ ಮುದುಕಿ ಕೂತಿದ್ದಳು, ಪಕ್ಕದಲ್ಲಿ ಕೋಲು. ಸೊಸೆ ಜಯಮಾಲಾ ನೀರು ತರಲು ಒಳಗೆ ಹೋದಳು.

"ಬಾ ತಮ್ಮಾ ಒಳಗ. ಬಾಗಲದಾಗ ನಿಂದರಬ್ಯಾಡ್ರಿ ಅಂತ ಬಸ್ಸಿನ್ಯಾಗ ನೀವೇ ಒದರತೀರಿ" ಎಂದಳು ಸುಭದ್ರಾಬಾಯಿ.

ಗುರುಶಾಂತ ಹೋಗಿ ಅವಳ ಕಾಲು ಹಿಡಿದ. "ಯವ್ವಾ, ತಪ್ಪಾತು."

"ಏಳು. ಬಿದ್ದದ್ದಕ್ಕ ಸಿಟ್ಟಿಲ್ಲ ನನಗ. ಇಷ್ಟು ದಿನ ಮಾರಿ ತೋರಿಸಲಿಲ್ಲಲ್ಲ, ಅದಕ್ಕ ಸಿಟ್ಟದ. ಈ ಬಂದೇನವಾಜ ಬಂದಾಗೊಮ್ಮಿ ಬಾಗಲ ಕಡಿ ನೋಡೀನಿ, ಹಿಂದ ನೀ ಬಂದೀ ಏನು ಅಂತ." ಅವಳ ದನಿ ಗಟ್ಟಿಯಾಗಿಯೇ ಇತ್ತು. ಗುರುಶಾಂತ ಬಗ್ಗಿಸಿದ ತಲೆ ಎತ್ತಲಿಲ್ಲ. ಬೈಸಿಕೊಂಡದ್ದು ಎಷ್ಟೋ ಹಗುರ ಅನಿಸಿತು ಅವನಿಗೆ.

ಶೈಲಶ್ರೀ ತಡೆಯದೆ ಹೇಳಿಯೇಬಿಟ್ಟಳು. "ಯವ್ವಾ, ಇವರು ಆಟದಾಗೂ ನಿಮ್ಮ ಮುಂದ ಬಸ್ಸು ನಿಂದರಿಸಿಕೊಂಡು ಕುಂದರತಾರ. ನೋಡ್ರಿ." ಬೇಡ ಬೇಡ ಅನ್ನುತ್ತಿದ್ದಂತೆ ಗಂಡನ ಮೊಬೈಲು ತೆಗೆದು, ನಿನ್ನೆ ನಿಂತಲ್ಲಿಂದಲೇ ಆಟ ಹಚ್ಚಿ ಮುದುಕಿಯ ಕೈಗೆ ಕೊಟ್ಟಳು. ಸುಭದ್ರಾಬಾಯಿ ಚಸ್ಮಾ ಏರಿಸಿಕೊಂಡಳು.

"ಇಕಿ ನಾನೇನು? ನನಕಿಂತ ದಪ್ಪ ಅದಾಳಲ್ಲ! ಮತ್ತ ಇಕಿ ಯಾಕ ನಡುರಸ್ತಾದಾಗ ನಿಂತಾಳ, ಹುಚ್ಚಿ? ಹೆಂಗ ಹೊಡೀತಾರ ಇದನ್ನ? ಇಲ್ಲೇನು?"

"ಒತ್ತಬ್ಯಾಡ ಯವ್ವಾ!" ಎಂದು ಗುರುಶಾಂತ ಎದ್ದ. ಅವಳು ಒತ್ತಿಯಾಗಿತ್ತು. ಹಸಿರು ಸೀರೆ ಆಕಾಶಕ್ಕೆ ಹಾರಿತು, ಸುತ್ತು ಹೊಡೆಯಿತು, ತಗಡಿನ ಮೇಲೆ ಇಳಿದು ಹುಡುಗನ ದನಿಯಲ್ಲಿ "ಹೋಲ್ಡಾನ್" ಅಂದಿತು.

ಸುಭದ್ರಾಬಾಯಿ ಗಳಿಗೆ ಹೊತ್ತು ಬಾಯಿ ಬಿಟ್ಟು ನೋಡಿದಳು. ಆಮೇಲೆ ನಗತೊಡಗಿದಳು ನೋಡಿ! "ಅಯ್ಯ ನಮ್ಮ ಶಿವನೇ! ಕುಲಸುಮಬಿ ತಗಡ ಏರಿ ನಿಂತಾಳ! ಬುಟ್ಟಿ ಸೈತ ಬಿಟ್ಟಿಲ್ಲ ರಂಡಿ!" ನಕ್ಕು ನಕ್ಕು ಸೊಂಟ ನೋವೆದ್ದು "ಅವ್ವಯ್ಯೋ" ಎಂದು ಹಿಡಿದುಕೊಂಡಳು, ಹಿಡಿದುಕೊಂಡೇ ಮತ್ತೆ ನಕ್ಕಳು. "ನಾನೂ ಹಿಂಗ ಹಾರಿ ನಿಂತಿದ್ರ ಡಾಕ್ಟರನ ರಾಡ್ ಆದ್ರೂ ಉಳೀತಿತ್ತು!" ಜಯಮಾಲಾ ನೀರಿನ ತಂಬಿಗೆ ಹಿಡಿದೇ ನಕ್ಕಳು. ಶೈಲಶ್ರೀ ಸೆರಗು ಬಾಯಿಗೆ ಒತ್ತಿಕೊಂಡಳು. ಗುರುಶಾಂತನಿಗೆ ಎದೆಯೊಳಗಿಂದ ಏನೋ ಒಡೆದು ಬಂತು. ನಗುವೋ ಅಳುವೋ ಅವನಿಗೇ ತಿಳಿಯಲಿಲ್ಲ. ಬಂದೇನವಾಜ ಅಂಗಳಕ್ಕೆ ಎದ್ದು ಹೋಗಿದ್ದ.

ನಗು ನಿಂತ ಮೇಲೆ ಮುದುಕಿ ಮೆಲ್ಲಗೆ ಹೇಳಿದಳು. "ಅವತ್ತಿನಿಂದ ನಾನೂ ಬಸ್ಸು ಹತ್ತಿಲ್ಲ ತಮ್ಮಾ. ಅಫಜಲಪುರದಾಗ ಮಗಳದಾಳ, ನೋಡಬೇಕಂತ ಜೀವ ಹರೀತದ. ಇಂಜಿನ್ ಸಪ್ಪಳಾ ಕೇಳಿದ್ರ ಎದಿ ಹೊಡ್ಕೋತದ. ನೀ ಹೊಡೀತಿ ಅಂದ್ರ ನಾ ಹತ್ತತೇನಿ. ಇಬ್ಬರೂ ಅಂಜಿಕೋತ ಹೋಗೂಣು."

ಗುರುಶಾಂತ ಮ್ಯಾನೇಜರ ಹತ್ತಿರ ಹೋಗಿ ಒಂದೇ ಮಾತು ಕೇಳಿದ. "ಎಲ್ಲಿ ಸ್ಟೀರಿಂಗ್ ಬಿಟ್ಟೀನಿ ಅಲ್ಲೇ ಹಿಡಿತೇನ್ರಿ ಸಾಹೇಬ್ರ. ಅಲ್ಲಿ ಆಗಲಿಲ್ಲಂದ್ರ ಕಾಯಮ್ ಶೆಡ್ಡು." ಮ್ಯಾನೇಜರು ಒಪ್ಪಿದರು. ಕಲಬುರಗಿಯಿಂದ ಚೌಡಾಪುರದ ತನಕ ಬೀರಣ್ಣ ಹೊಡೆದುಕೊಂಡು ಬರುವುದು, ಮುಂದೆ ಗುರುಶಾಂತ.

ಆ ಬೆಳಿಗ್ಗೆ ಚೌಡಾಪುರದಲ್ಲಿ ಬೀರಣ್ಣ ಇಳಿದು ಪಕ್ಕಕ್ಕೆ ಬಂದ. ಜಯಮಾಲಾ, ಬಂದೇನವಾಜ ಸೇರಿ ಮುದುಕಿಯ ಎರಡೂ ತೋಳು ಹಿಡಿದು ಎತ್ತಿ ಮುಂದಿನ ಸೀಟಿನಲ್ಲಿ ಕೂಡಿಸಿದರು. ಗುರುಶಾಂತ ಸೀಟಿಗೆ ಏರಿ ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಬೆರಳು ನಡುಗುತ್ತಿತ್ತು, ನಡುಗಲಿ ಎಂದು ಬಿಟ್ಟ. ಗೇರಿನ ಮೇಲೆ ಕೈಯಿಟ್ಟು ಕಾದ.

ಬಾಗಿಲು ಮುಚ್ಚಿದ ಸದ್ದು ಬಂತು. ಸೀಟಿ ಕೇಳಿತು. "ರೈಟ್" ಬರಲಿಲ್ಲ.

ಗುರುಶಾಂತ ಕಾದ. ಹಿಂದೆ ಯಾರೋ "ಹೋಗ್ರಿ, ಹೊತ್ತಾತು" ಎಂದರು. ಮತ್ತೆ ಸೀಟಿ. ಅವನು ಕನ್ನಡಿಯಲ್ಲಿ ನೋಡಿದ. ಬಂದೇನವಾಜ ಬಾಗಿಲ ಸರಳು ಹಿಡಿದು ನಿಂತಿದ್ದ. ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ಇಡೀ ಬಸ್ಸನ್ನು ನಗಿಸುತ್ತಿದ್ದ ಬಾಯಿ ಅದು.

ಬೀರಣ್ಣ ಬಗ್ಗಿ ಕಿವಿಯಲ್ಲಿ ಹೇಳಿದ. "ಅವ ಅವತ್ತಿನಿಂದ ಬರೇ ಸೀಟಿ ಊದತಾನಣ್ಣಾ. ಬಾಯಿಲೆ ಅನ್ನಂಗಿಲ್ಲ. ನಿನಗ ಹೇಳಬ್ಯಾಡಂದಿದ್ದ."

ಗುರುಶಾಂತನಿಗೆ ಆಗ ಹೊಳೆಯಿತು. ಅಂದು ಬಸ್ಸು ಹೊಡೆದವನು ತಾನು. ಆದರೆ ಹೋಗು ಎಂದವನು ಅವನು. ಇಷ್ಟು ದಿನ ತನ್ನ ನೋವನ್ನೇ ತೊಳೆಯುತ್ತ ಕೂತಿದ್ದೆನಲ್ಲ, ಪಕ್ಕದವನ ಕಡೆ ಒಮ್ಮೆಯಾದರೂ ನೋಡಿದೆನೇ? ಮುದುಕಿಗೆ ಹಣ್ಣು ಒಯ್ದುಕೊಟ್ಟ, ಆಟ ತಂದು ತೋರಿಸಿದ, ನಗಿಸಿದ, ಕ್ಯಾಂಟೀನಿನಲ್ಲಿ ನೆಲ ನೋಡಿ ಕಪ್ಪು ತೊಳೆಯಲು ಹೋದ. ಗುರುಶಾಂತನಿಗೆ ನಾಚಿಕೆಯಾಯಿತು.

ಅವನು ಸೀಟಿನಿಂದ ಇಳಿದ. ಬಸ್ಸಿನ ಮುಂದೆ ಹೋಗಿ ಬಗ್ಗಿ ಬಂಪರಿನ ಕೆಳಗೆ ನೋಡಿದ. ಒಂದು ಸುತ್ತು ಬಂದು ಬಾಗಿಲ ಹತ್ತಿರ ನಿಂತ.

"ನಾ ನೋಡೀನಿ ಬಂದೇನವಾಜ. ಯಾರೂ ಇಲ್ಲ. ಈಗ ಅನ್ನು."

"ಆಗವಲ್ದು ಅಣ್ಣಾ."

"ನನಗೂ ಆಗವಲ್ದು. ನೀ ಅನ್ನು, ನಾ ಹೊಡಿತೇನಿ."

ಮತ್ತೆ ಏರಿ ಕೂತ. ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದು, ಆಮೇಲೆ ಒಡಕು ದನಿಯಲ್ಲಿ, ರಾಗವಿಲ್ಲದೆ, "ರೈಟ್" ಬಂತು. ಗುರುಶಾಂತ ಗೇರು ಹಾಕಿ ಕ್ಲಚ್ಚು ಬಿಡಬೇಕು, ಅಷ್ಟರಲ್ಲಿ ಮುಂದಿನ ಸೀಟಿನಿಂದ ಸುಭದ್ರಾಬಾಯಿ ಜೀವ ಹೋಗುವವಳಂತೆ ಕೂಗಿದಳು:

"ಹೋಲ್ಡಾನ್! ಹೋಲ್ಡಾನ್! ನನ್ನ ಬಡಿಗಿ ಹೊರಗ ಉಳದದ!"

ಅವಳು ನಗಿಸಲು ಅಂದದ್ದಲ್ಲ, ಕೋಲಿಗಾಗಿ ನಿಜವಾಗಿ ಗಾಬರಿಯಾಗಿದ್ದಳು. ಮೊದಲು ಬೀರಣ್ಣ ನಕ್ಕ, ಆಮೇಲೆ ಜಯಮಾಲಾ, ಆಮೇಲೆ ಹಿಂದೆ ಬಂದೇನವಾಜ ಸರಳಿಗೆ ತಲೆ ಕೊಟ್ಟು ನಗುತ್ತ ಕೂತೇಬಿಟ್ಟ. ಏನು ಎತ್ತ ತಿಳಿಯದ ಪ್ಯಾಸೆಂಜರರೂ ನಕ್ಕರು. "ಯಾಕ ನಗತೀರಿ? ಬಡಿಗಿ ತರ್ರಿ ಮೊದಲ!" ಎಂದು ಮುದುಕಿ ಬೈದಳು. ಸ್ಟಾಪಿನ ಕಲ್ಲುಬೆಂಚಿಗೆ ಒರಗಿಸಿಟ್ಟಿದ್ದ ಕೋಲನ್ನು ಕುಲಸುಮಬಿ ಓಡಿಬಂದು ಕಿಟಕಿಯಿಂದ ಕೊಟ್ಟಳು.

ಗುರುಶಾಂತ ಕಣ್ಣು ಒರೆಸಿಕೊಂಡು ಮತ್ತೆ ಇಳಿದ. ಕುಲಸುಮಬಿ ಅಂಗಡಿ ಮುಟ್ಟಿದ್ದಾಳೋ ಇಲ್ಲವೋ ನೋಡಿದ, ಬಗ್ಗಿ ಬಂಪರಿನ ಕೆಳಗೆ ನೋಡಿದ, ಮತ್ತೆ ಹತ್ತಿದ. "ಇವ ಸ್ಟಾಪ್ ಸ್ಟಾಪಿಗೆ ಹಿಂಗೇ ಮಾಡಿದ್ರ ಅಫಜಲಪುರ ಮುಟ್ಟಿದಂಗೇ" ಎಂದು ಹಿಂದೆ ಒಬ್ಬ ಗೊಣಗಿದ. ಅವನ ಮಾತು ಸುಳ್ಳಾಗಲಿಲ್ಲ. ಗುರುಶಾಂತ ಈಗಲೂ ಸ್ಟಾಪ್ ಸ್ಟಾಪಿಗೆ ಇಳಿದು ನೋಡುತ್ತಾನೆ, ಬಸ್ಸು ದಿನಾ ತಡವಾಗುತ್ತದೆ, ಜನ ದಿನಾ ಬೈಯುತ್ತಾರೆ.

ಆ ಬೆಳಿಗ್ಗೆ ಮತ್ತೆ "ರೈಟ್" ಎಂದ ಬಂದೇನವಾಜ, ಈ ಸಲ ಸ್ವಲ್ಪ ಎಳೆದು. ಬಸ್ಸು ಮೆಲ್ಲಗೆ ಹೊರಟು ಚಹಾ ಅಂಗಡಿ ದಾಟಿ ಅಫಜಲಪುರದ ದಾರಿ ಹಿಡಿಯಿತು.